ಪಾಲ್ಮಾಸ್ ದ್ವೀಪದ ಸ್ವಾಮ್ಯವಿವಾದ: ಆಗಮ ಮತ್ತು ಭುಕ್ತಿ

ಫಿಲಿಪೈನ್ಸಿನ ಮಿಂಡನಾವೊ ದ್ವೀಪಕ್ಕೂ ಅದರ ದಕ್ಷಿಣದ ನನುಸ ದ್ವೀಪಸಮೂಹಕ್ಕೂ ನಡುವಣ ಸಮುದ್ರದಲ್ಲಿ, ಸುಮಾರು ಎರಡು ಮೈಲಿ ಉದ್ದ, ಮುಕ್ಕಾಲು ಮೈಲಿ ಅಗಲವುಳ್ಳ ಒಂಟಿ ದ್ವೀಪವೊಂದುಂಟು. ಸ್ಪೇಯಿನಿನವರು ಇದನ್ನು ಪಾಲ್ಮಾಸ್ ಎಂದರು. ದ್ವೀಪವಾಸಿಗಳು ಮಿಯಾಂಗಸ್ ಎನ್ನುವರು. ಇಷ್ಟು ಅಲ್ಪವಾದ ನೆಲಕ್ಕಾಗಿ ಎರಡು ರಾಷ್ಟ್ರಗಳು ಇಪ್ಪತ್ತೆರಡು ವರ್ಷ ವಾದಿಸಿದುವು. ಆ ವಾದದ ತೀರ್ಪಾದರೋ, ಭೂಮಿಯ ಒಡೆತನವು ಯಾವುದರಿಂದ ಹುಟ್ಟುತ್ತದೆಂಬ ಪ್ರಶ್ನೆಗೆ ಇಂದಿಗೂ ಪ್ರಮಾಣವಾಗಿ ನಿಂತಿದೆ.

1898ನೆಯ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ನಡೆದ ಕೌಲಿನಂತೆ ಸ್ಪೇಯಿನ್ ಫಿಲಿಪೈನ್ಸನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೆ ಬಿಟ್ಟುಕೊಟ್ಟಿತು. ಕೌಲಿನಲ್ಲಿ ಗುರುತಿಸಿದ್ದ ಎಲ್ಲೆಯೊಳಗೆ ಪಾಲ್ಮಾಸ್ ಸೇರಿತ್ತು. ಆದರೆ 1906ನೆಯ ಜನವರಿಯಲ್ಲಿ ಜನರಲ್ ಲಿಯೊನಾರ್ಡ್ ವುಡ್ ಅಲ್ಲಿಗೆ ಹೋದಾಗ ಕಂಡುದು ಡಚ್ಚರ ಧ್ವಜ. 1925ರಲ್ಲಿ ಉಭಯರೂ ಒಡಂಬಟ್ಟು, ಸ್ವಿಟ್ಸರ್ಲೆಂಡಿನ ನ್ಯಾಯವಿದ ಮ್ಯಾಕ್ಸ್ ಹೂಬರನನ್ನು ಏಕಮಧ್ಯಸ್ಥನನ್ನಾಗಿ ಗೊತ್ತುಮಾಡಿದರು.

ಅಮೆರಿಕೆಯ ಪಕ್ಷಕ್ಕೆ ಮೂರು ಆಧಾರಗಳಿದ್ದುವು: ಸ್ಪೇಯಿನಿನವರು ದ್ವೀಪವನ್ನು ಮೊದಲು ಕಂಡುದು, ಕೌಲಿನ ಎಲ್ಲೆ, ಫಿಲಿಪೈನ್ಸಿನ ಸಾಮೀಪ್ಯ. ಡಚ್ಚರು ಮುಂದಿಟ್ಟುದು, 1677ರಿಂದ ತಮ್ಮ ಈಸ್ಟ್ ಇಂಡಿಯಾ ಕಂಪೆನಿಯೂ ಬಳಿಕ ತಮ್ಮ ಸರ್ಕಾರವೂ ಸಂಗಿ ದ್ವೀಪಗಳ ಅರಸರೊಡನೆ ಮಾಡಿಕೊಂಡ ಒಪ್ಪಂದಗಳನ್ನೂ, ತೆರಿಗೆಯ ದಾಖಲೆಗಳನ್ನೂ, ಅಧಿಕಾರಿಗಳ ಸಂದರ್ಶನಗಳನ್ನೂ.

1928ನೆಯ ಏಪ್ರಿಲ್ 4ರಂದು ಹೂಬರನು ದ್ವೀಪವು ಡಚ್ಚರದೆಂದು ತೀರ್ಪಿತ್ತನು. ದ್ವೀಪವನ್ನು ಮೊದಲು ಕಂಡುದರಿಂದ ಹಕ್ಕು ಹುಟ್ಟಿತೆಂದು ಒಪ್ಪಿದರೂ, ಅದು ಅಪೂರ್ಣವಾದುದು. ಯುಕ್ತಕಾಲದಲ್ಲಿ ಆಳ್ವಿಕೆಯಿಂದ ತುಂಬದಿದ್ದರೆ ನಿಲ್ಲದು. ಹಕ್ಕಿನ ಉತ್ಪತ್ತಿಯನ್ನು ಆಯಾ ಕಾಲದ ಧರ್ಮದಿಂದ ಅಳೆಯಬೇಕಾದರೂ, ಅದು ಉಳಿದುಬರಬೇಕಾದರೆ ಮುಂದಿನ ಕಾಲದ ಧರ್ಮವನ್ನೂ ಅನುಸರಿಸಬೇಕು. ತನ್ನದಲ್ಲದುದನ್ನು ಸ್ಪೇಯಿನ್ ಕೊಡಲಾರದು. ನಕ್ಷೆಗಳು ಪರೋಕ್ಷಸಾಕ್ಷಿ ಮಾತ್ರ, ಸಾಮೀಪ್ಯವು ಸ್ವಾಮ್ಯವಲ್ಲ. ಡಚ್ಚರ ಆಳ್ವಿಕೆಯ ಕುರುಹುಗಳು ವಿರಳವಾಗಿದ್ದು ನಡುನಡುವೆ ಕಡಿದುಹೋಗಿದ್ದರೂ, ದೂರದ ಸಣ್ಣ ದ್ವೀಪಕ್ಕೆ ಅಷ್ಟೇ ಸಾಕೆಂದು ಅವನು ಎಣಿಸಿದನು.

ಇದನ್ನೋದುವಾಗ ನಮಗೆ ಯಾಜ್ಞವಲ್ಕ್ಯನ ವ್ಯವಹಾರಾಧ್ಯಾಯವೂ, ಅದಕ್ಕೆ ಕಲ್ಯಾಣದ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯೂ ನೆನಪಾಗದಿರವು. ಭುಕ್ತಿಗಿಂತ ಆಗಮವೇ ಹೆಚ್ಚಿನದು. ಆದರೂ ಲೇಶವಾದರೂ ಭುಕ್ತಿಯಿಲ್ಲದಲ್ಲಿ ಆಗಮಕ್ಕೆ ಬಲವಿಲ್ಲವೆಂಬುದು ಸ್ಮೃತಿಯ ಮತ. ಇವೆರಡಕ್ಕೂ ಚಾರಿತ್ರಿಕ ಸಂಬಂಧವನ್ನು ಕಲ್ಪಿಸಲಾಗದು, ಭೇದವೂ ಉಂಟು. ಸ್ಮೃತಿಯು ಆಗಮಕ್ಕೆ ಹಿರಿತನವನ್ನಿತ್ತರೆ, ಹೂಬರನು ಶಾಂತವೂ ಅವಿಚ್ಛಿನ್ನವೂ ಆದ ಆಳ್ವಿಕೆಯನ್ನೇ ಆಗಮಕ್ಕೆ ಸಮವೆಂದನು. ದಾನಶಾಸನವನ್ನು ಕಂಡೊಡನೆ ದಾನಿಯ ರಾಜ್ಯವು ಅಲ್ಲಿಯವರೆಗೆ ಹಬ್ಬಿತ್ತೆಂದು ನಿರ್ಣಯಿಸುವ ಚರಿತ್ರಕಾರರು ಈ ವಿವೇಚನೆಯನ್ನು ಗಮನಿಸುವುದು ಯುಕ್ತ.

ಆದರೆ ತೀರ್ಪಿನಲ್ಲಿ ಒಂದು ಕೊರತೆ ಎದ್ದುಕಾಣುತ್ತದೆ. ತಲೆತಲಾಂತರದಿಂದ ಆ ನೆಲವನ್ನು ನಿಜವಾಗಿ ಭೋಗಿಸಿದವರು ಮಿಯಾಂಗಸಿನ ಜನರೇ. ಅವರು ತೆತ್ತ ತೆರಿಗೆ ಡಚ್ಚರ ಹಕ್ಕಿಗೆ ಸಾಕ್ಷಿಯಾಯಿತು. ಅವರ ಅರಸರ ಒಪ್ಪಂದಗಳು, ಸಮಾನರ ನಡುವಣ ಕೌಲುಗಳೆನಿಸದೆ, ವಸಾಹತಿನ ಒಳಾಡಳಿತದ ಒಂದು ಬಗೆಯೆನಿಸಿದುವು. ವಾದಿ ಪ್ರತಿವಾದಿಗಳಲ್ಲಿ ಮಾತ್ರ ಅವರಿಗೆ ಸ್ಥಾನವಿರಲಿಲ್ಲ. ತೀರ್ಪಿನಿಂದ ಗೆದ್ದ ಹಾಲೆಂಡು 1949ರಲ್ಲಿ ಇಂಡೊನೇಷಿಯದ ಮೇಲಣ ಅಧಿಕಾರವನ್ನು ಬಿಟ್ಟುಕೊಟ್ಟಿತು. ದ್ವೀಪವು ಈಗ ಆ ರಾಜ್ಯಕ್ಕೆ ಸೇರಿದೆ. ಸ್ಪೇಯಿನಿನವರಿತ್ತ ಹೆಸರು ನ್ಯಾಯಗ್ರಂಥಗಳಲ್ಲಿ ಉಳಿದಿದೆ. ನೆಲದಲ್ಲಿ ಉಳಿದಿರುವುದು ಮಿಯಾಂಗಸ್ ಎಂಬ ಹೆಸರೇ.