ಹೆಸರಿನ ಅಕ್ಷರ: ಬ್ಲ್ಯಾಕ್‌ಲೆಟರ್ ಮತ್ತು ಹಾಸನ ಸೀಮೆಯ ಕಲ್ಬರಹ

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರೆಗೆ ಕೆಎ-13 ಬೈಕುಗಳ ಟ್ಯಾಂಕಿನ ಮೇಲೆ, ಜೀಪಿನ ಗಾಜಿನ ಮೇಲೆ ಮೊನಚು ಮೂಲೆಯ ದಪ್ಪ ಇಂಗ್ಲಿಷ್ ಅಕ್ಷರಗಳು ಕಣ್ಣಿಗೆ ಬೀಳುತ್ತವೆ. ಕಂಪ್ಯೂಟರಿನ ಫಾಂಟ್ ಪಟ್ಟಿಯಲ್ಲಿ ಇದರ ಹೆಸರು 'ಓಲ್ಡ್ ಇಂಗ್ಲಿಷ್'. ಮುದ್ರಣದ ಇತಿಹಾಸದಲ್ಲಿ ಬ್ಲ್ಯಾಕ್‌ಲೆಟರ್ ಅಥವಾ ಗೋಥಿಕ್. 1450ರ ದಶಕದಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚಾದದ್ದು ಇದರ ಟೆಕ್ಸ್ಚುರಾ ಎಂಬ ಬಗೆಯಲ್ಲಿ. ಆ ಹೆಸರಿನೊಳಗೆ ನೇಯ್ಗೆಯ ಅರ್ಥವಿದೆ. ಪುಟವನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ: ಅಗಲ ಮೊನೆಯ ಲೇಖನಿ ಎಳೆದಂಥ ಲಂಬ ಗೀಟುಗಳು ಹಾಸುನೂಲಿನಂತೆ ಒತ್ತಾಗಿ ನಿಂತಿವೆ, ಐ, ಎಂ, ಎನ್, ಯು ಅಕ್ಕಪಕ್ಕ ಬಂದರೆ ಯಾವುದು ಎಲ್ಲಿ ಮುಗಿಯಿತೆಂದು ಗೀಟು ಎಣಿಸಬೇಕು. ಹಾಗಾಗಿಯೇ ಇಂದು ಅದು ಹೆಚ್ಚಾಗಿ ಉಳಿದಿರುವುದು ನಾಲ್ಕಾರು ಪದಗಳಿಗೆ: ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಶಿರೋನಾಮೆ, ಪ್ರಮಾಣಪತ್ರದ ತಲೆಬರಹ, ಬೈಕಿನ ಮೇಲಿನ ಹೆಸರು.

ಈ ಕೋನಗಳನ್ನೇ ಕನ್ನಡಕ್ಕೆ ತೊಡಿಸಿ 'ಗೋಥಿಕ್ ಕನ್ನಡ' ಮಾಡಬಹುದೆ? ನನಗೆ ಅದು ಸರಿಕಾಣುವುದಿಲ್ಲ. ಬ್ಲ್ಯಾಕ್‌ಲೆಟರಿನ ಗುಣವೇ ಬಾಗನ್ನು ಮುರಿಯುವುದು. ನಮ್ಮ ಅಕ್ಷರ ತಾಳೆಗರಿಯ ಮೇಲೆ ಕಬ್ಬಿಣದ ಕಂಟದಲ್ಲಿ ಬೆಳೆದದ್ದು. ಗರಿಯ ನಾರಿನುದ್ದಕ್ಕೆ ನೇರ ಗೀಟೆಳೆದರೆ ಗರಿ ಸೀಳುತ್ತದೆ. ಬಾಗನ್ನು ಮುರಿದರೆ ಅ, ಆ, ಠ, ರ ಇವುಗಳ ಮೈಕಟ್ಟೇ ಹೋಗುತ್ತದೆ.

ಹೆಸರಿಗೆಂದೇ ಬರೆದ ಗಂಭೀರ ಅಕ್ಷರ ಬೇಕೆಂದರೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗಬೇಕು. ಸುಮಾರು 58 ಅಡಿಯ ಗೊಮ್ಮಟನ ಪಾದಗಳ ಬಳಿ, ಇಷ್ಟು ದೊಡ್ಡ ಕೆಲಸವನ್ನು ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದನೆಂದು ಹೇಳುವ ಕನ್ನಡದ ಬರಹ ಒಂದೇ ಒಂದು ಸಾಲು. ಅದೇ ಮಾತು ತಮಿಳಿನಲ್ಲೂ ಇದೆ. ನಾಗರಿಯಲ್ಲಿ ಮರಾಠಿ ಮಾತಾಗಿಯೂ ಇದೆ, ಅಲ್ಲಿ ಸುತ್ತಾಲಯ ಕಟ್ಟಿಸಿದ ಹೊಯ್ಸಳ ದಂಡನಾಯಕ ಗಂಗರಾಜನ ಹೆಸರೂ ಜೊತೆಗೂಡಿದೆ. ವಿಗ್ರಹವಿರುವ ಅದೇ ಬೆಟ್ಟದಲ್ಲಿ ಬೊಪ್ಪಣ ಪಂಡಿತನು ಗೊಮ್ಮಟನನ್ನು ಹೊಗಳಿದ, 1180ರ ಸುಮಾರಿನ ಶಾಸನವಂತೂ ದೀರ್ಘ ಕಾವ್ಯ. ಸಾಲುಸಾಲಾಗಿ ಓದಿಕೊಂಡು ಹೋಗಬೇಕಾದದ್ದು. ಪಾದದ ಬಳಿಯ ಬರಹ ಹಾಗಲ್ಲ, ಒಂದೇ ನೋಟಕ್ಕೆ ದಕ್ಕಬೇಕು. ಅಚ್ಚುಮನೆಯವರು ತಲೆಬರಹದ ಅಕ್ಷರಕ್ಕೂ ಒಡಲಿನ ಅಕ್ಷರಕ್ಕೂ ಮಾಡುವ ಭೇದ ಇದೇ ಅಲ್ಲವೆ?

ಹೊಯ್ಸಳರ ಕಾಲದ ಬರಹದಲ್ಲಿ ಗಮನಿಸಬೇಕಾದ್ದು ಅಲಂಕಾರದ ಜಾಗ. ಅಕ್ಷರದ ಒಡಲು ದುಂಡಗೇ ಇರುತ್ತದೆ. ಸೊಗಸೆಲ್ಲ ತಲೆಕಟ್ಟಿನಲ್ಲಿ, ಗುಡಿಸಿನಲ್ಲಿ, ಕೊಂಬಿನ ಚಾಚಿನಲ್ಲಿ, ಒತ್ತಕ್ಷರದ ಬಾಲದಲ್ಲಿ. ಕನ್ನಡದ ಶೀರ್ಷಿಕೆ ಫಾಂಟು ಮಾಡುವವರು ಮೊದಲು ನೋಡಬೇಕಾದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ. ಅಚ್ಚುಪ್ರತಿ ಸಾಲದು: 'ಎಪಿಗ್ರಾಫಿಯಾ ಕರ್ನಾಟಿಕಾ' ಶಾಸನಮಾಲೆಯ, ಶ್ರವಣಬೆಳಗೊಳದ ಶಾಸನಗಳಿರುವ ಎರಡನೆಯ ಸಂಪುಟ (ಬಿ.ಎಲ್. ರೈಸ್, 1889, ಆರ್. ನರಸಿಂಹಾಚಾರ್ಯರ ಪರಿಷ್ಕರಣೆ, 1923) ಪಾಠವನ್ನು ಓದಿಸುತ್ತದೆ, ಆದರೆ ಮೊಳೆಯಚ್ಚಿನಲ್ಲಿ ಎಲ್ಲ ಕಾಲದ 'ಕ'ವೂ ಒಂದೇ 'ಕ'. ಕಲ್ಲಿನಿಂದಲೇ ತೆಗೆದ ಪಡಿಯಚ್ಚನ್ನಾದರೂ ಎದುರಿಗಿಟ್ಟುಕೊಳ್ಳಬೇಕು.

ಈ ಅಕ್ಷರ ಕಡೆದವರ ಹೆಸರೂ ಉಳಿದಿದೆ: ಗಂಗರಾಜನ ಕಾಲದ ಶಾಸನಗಳ ಕೊನೆಯಲ್ಲಿ ಅವನ್ನು ಕಂಡರಿಸಿದ ವರ್ಧಮಾನಾಚಾರಿ, ಗಂಗಾಚಾರಿ ಎಂಬ ಹೆಸರುಗಳು ಸಿಗುತ್ತವೆ, ರೂವಾರಿಗಳ ಬಿರುದಿನೊಂದಿಗೆ. ಅರಸನ, ದಂಡನಾಯಕನ ಹೊಗಳಿಕೆ ಮುಗಿದ ಮೇಲೆ, ಅದೇ ಉಳಿಯಲ್ಲಿ, ಅದೇ ಕಲ್ಲಿನ ಮೇಲೆ.