ಸೂಜಿಗಲ್ಲು: ಅದರ ಗುಣ ಮತ್ತು ಅದರ ಚರಿತ್ರೆ

ಅಯಸ್ಕಾಂತಕ್ಕೆ ಕನ್ನಡದಲ್ಲಿ ಸೂಜಿಗಲ್ಲೆಂಬ ಹೆಸರುಂಟು. ಕಣಾದನ ವೈಶೇಷಿಕ ಸೂತ್ರಗಳಲ್ಲಿಯೂ ಸೂಜಿಯು ತಾನಾಗಿ ಸರಿದುಹೋಗುವುದನ್ನು ಉದಾಹರಿಸಿ, ಅದು ‘ಅದೃಷ್ಟ’ದಿಂದ, ಎಂದರೆ ಕಾಣದ ಕಾರಣದಿಂದ, ಆಗುವುದೆಂದು ಹೇಳಿದೆ. ವ್ಯಾಖ್ಯಾನಕಾರರು ಇದನ್ನು ಅಯಸ್ಕಾಂತದ ಆಕರ್ಷಣೆಯೆಂದು ವಿವರಿಸಿದ್ದಾರೆ. ಆ ಕಾಣದ ಕಾರಣವು ಕಲ್ಲಿನ ದ್ರವ್ಯದಲ್ಲಿ ಮಾತ್ರ ಅಡಗಿದೆಯೇ ಎಂಬುದೇ ಪ್ರಕೃತ ಲೇಖನದ ವಿಚಾರ.

ಸೂಜಿಗಲ್ಲು ಮ್ಯಾಗ್ನೆಟೈಟ್ ಎಂಬ ಖನಿಜ. ಮೂರು ಕಬ್ಬಿಣದ ಪರಮಾಣುಗಳಿಗೆ ನಾಲ್ಕು ಆಮ್ಲಜನಕದ ಪರಮಾಣುಗಳು ಸೇರಿ ಇದು ಆಗಿದೆ. ತೂಕದಲ್ಲಿ ನೂರಕ್ಕೆ ಸುಮಾರು 72 ಪಾಲು ಕಬ್ಬಿಣ. ಇದರ ಹರಳುಗಳು ಕಪ್ಪಾಗಿದ್ದು ಸಾಮಾನ್ಯವಾಗಿ ಎಂಟು ಮುಖಗಳುಳ್ಳವು. ಮೂರು ಕಬ್ಬಿಣದ ಪರಮಾಣುಗಳಲ್ಲಿ ಎರಡು ಫೆರಿಕ್ ಸ್ಥಿತಿಯವು, ಒಂದು ಫೆರಸ್ ಸ್ಥಿತಿಯದು. ಫ್ರಾನ್ಸಿನ ಲೂಯಿ ನೀಲ್ 1948ರಲ್ಲಿ ಇದರ ಮರ್ಮವನ್ನು ವಿವರಿಸಿದನು: ಫೆರಿಕ್ ಪರಮಾಣುಗಳು ಹರಳಿನೊಳಗೆ ಎರಡು ಬಗೆಯ ಸ್ಥಾನಗಳಲ್ಲಿ ಸಮನಾಗಿ ಹಂಚಿಹೋಗಿ ಪರಸ್ಪರ ವಿರುದ್ಧವಾಗಿ ನಿಲ್ಲುವುದರಿಂದ ಅವುಗಳ ಕಾಂತತ್ವ ಅಳಿಯುತ್ತದೆ; ಫೆರಸ್ ಪರಮಾಣುಗಳದು ಉಳಿಯುತ್ತದೆ. ಸುಮಾರು 580 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಈ ವ್ಯವಸ್ಥೆಯೇ ಕದಡಿ ಕಾಂತತ್ವ ಲೋಪವಾಗುತ್ತದೆ.

ಆದರೆ ಇಷ್ಟರಿಂದಲೇ ಪ್ರಶ್ನೆ ತೀರದು. ಮ್ಯಾಗ್ನೆಟೈಟೆಲ್ಲವೂ ಅಯಸ್ಕಾಂತಕ್ಕೆ ಅಂಟುವುದು ದಿಟ. ತಾನೇ ಸೂಜಿಯನ್ನು ಸೆಳೆಯುವ ಕಲ್ಲು ಮಾತ್ರ ವಿರಳ. ದ್ರವ್ಯ ಒಂದೇ ಆಗಿರುವಾಗ ಈ ಭೇದವೇಕೆ? ಸೂಕ್ಷ್ಮವಾದ ಕಣರಚನೆಯೂ, ಭಾಗಶಃ ಮ್ಯಾಗ್ಹೆಮೈಟಾಗಿ ಮಾರ್ಪಟ್ಟಿರುವುದೂ ಕಲ್ಲಿಗೆ ಕಾಂತತ್ವವನ್ನು ಹಿಡಿದಿಡುವ ಶಕ್ತಿಯನ್ನು ಕೊಡುತ್ತವೆ. ಆ ಕಾಂತತ್ವವನ್ನು ಮೊದಲು ತುಂಬಿದುದು ಸಿಡಿಲಿನ ಪ್ರಬಲವಾದ ವಿದ್ಯುತ್ಪ್ರವಾಹವಾಗಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಎಂದರೆ, ಸೂಜಿಗಲ್ಲು ಕೇವಲ ದ್ರವ್ಯವಲ್ಲ, ಅದಕ್ಕೊಂದು ಪೂರ್ವಚರಿತ್ರೆಯಿದೆ.

ಈ ಸತ್ಯದ ಸುಳಿವು ಬಹು ಹಿಂದೆಯೇ ದೊರೆತಿತ್ತು. 1269ರಲ್ಲಿ ಪೆಟ್ರಸ್ ಪೆರೆಗ್ರಿನಸ್ ಎಂಬಾತನು ಕಲ್ಲಿನ ಎರಡು ಧ್ರುವಗಳನ್ನು ಗುರುತಿಸಿ, ಒಡೆದ ಪ್ರತಿಯೊಂದು ತುಂಡಿನಲ್ಲಿಯೂ ಎರಡೂ ಇರುವುದನ್ನು ತೋರಿಸಿದನು. 1600ರಲ್ಲಿ ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟನು ಇನ್ನೂ ಮುಂದೆ ಹೋದನು. ಕೆಂಪಗೆ ಕಾದ ಕಬ್ಬಿಣ ಕಾಂತತ್ವವನ್ನು ಕಳೆದುಕೊಳ್ಳುವುದನ್ನೂ, ಅದನ್ನು ಉತ್ತರ-ದಕ್ಷಿಣವಾಗಿಟ್ಟು ಬಡಿದು ಆರಿಸಿದರೆ ಹೊಸದಾಗಿ ಪಡೆಯುವುದನ್ನೂ ಕಂಡು, ಭೂಮಿಯೇ ಒಂದು ಮಹಾ ಅಯಸ್ಕಾಂತವೆಂದು ಸಾರಿದನು.

ಕಮ್ಮಾರನ ಕುಲುಮೆಯಲ್ಲಿ ನಡೆದುದೇ ಲಾವಾರಸದಲ್ಲಿಯೂ ನಡೆಯುತ್ತದೆ. ಬೆಳಗಾವಿ, ವಿಜಯಪುರ, ಬೀದರ ಜಿಲ್ಲೆಗಳವರೆಗೆ ಹಬ್ಬಿರುವ ದಖ್ಖನಿನ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆರಿ ಗಟ್ಟಿಯಾದಾಗ, ಅದರಲ್ಲಿನ ಟೈಟೇನಿಯಂ ಬೆರೆತ ಮ್ಯಾಗ್ನೆಟೈಟಿನ ಕಣಗಳು ಅಂದಿನ ಭೂಕಾಂತತ್ವದ ದಿಕ್ಕನ್ನು ತಮ್ಮಲ್ಲಿ ಉಳಿಸಿಕೊಂಡವು. 1950ರ ದಶಕದಲ್ಲಿ ಆ ದಿಕ್ಕನ್ನು ಅಳೆದಾಗ, ಈ ನೆಲ ಅಂದು ಭೂಮಧ್ಯರೇಖೆಯ ದಕ್ಷಿಣಕ್ಕಿದ್ದು ಬಳಿಕ ಉತ್ತರಕ್ಕೆ ಸರಿದುಬಂದಿತೆಂಬ ಸಂಗತಿ ಹೊರಬಿದ್ದಿತು.

ಶಾಸನ, ನಾಣ್ಯ, ಓಲೆಗರಿಗಳಂತೆ ಈ ಹರಳೂ ಒಂದು ದಾಖಲೆ. ಅದು ಯಾವುದರಿಂದ ಆಗಿದೆ ಎಂಬುದನ್ನು ರಸಾಯನಶಾಸ್ತ್ರ ಹೇಳಬಲ್ಲುದು. ಅದಕ್ಕೆ ಏನು ಸಂಭವಿಸಿತು ಎಂದು ಕೇಳುವುದು ಚರಿತ್ರೆಯ ಕ್ರಮ. ಸೂಜಿಗಲ್ಲನ್ನು ಅರಿಯಲು ಎರಡೂ ಬೇಕು.