ಜನರ ಕಾರು, ಜನರ ಲೆಕ್ಕ

1938ರ ಆಗಸ್ಟ್‌ನಲ್ಲಿ ಜರ್ಮನಿಯಲ್ಲಿ ಒಂದು ಉಳಿತಾಯ ಯೋಜನೆ ಜಾರಿಗೆ ಬಂತು. ವಾರಕ್ಕೆ ಐದು ಮಾರ್ಕ್ ಕೊಟ್ಟು ಅಂಚೆಚೀಟಿಯಂಥ ಒಂದು ಚೀಟಿಯನ್ನು ಕೊಳ್ಳಬೇಕು, ಅದನ್ನು ಒಂದು ಪುಸ್ತಕದಲ್ಲಿ ಅಂಟಿಸಬೇಕು. 990 ಮಾರ್ಕ್ ತುಂಬಿದಾಗ ಮನೆಯ ಮುಂದೆ ಒಂದು ಕಾರು ಬಂದು ನಿಲ್ಲುತ್ತದೆ. ಸುಮಾರು ನಾಲ್ಕು ವರ್ಷಗಳ ಲೆಕ್ಕ. ನಡುವೆ ಬೇಡವೆಂದು ಹಣ ವಾಪಸು ಕೇಳುವಂತಿರಲಿಲ್ಲ. ಕಟ್ಟಿದ ಹಣಕ್ಕೆ ಬಡ್ಡಿಯೂ ಇರಲಿಲ್ಲ. ಅದು ಧರ್ಮದ ಕಾರಣದಿಂದಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಸುಮಾರು 3 ಲಕ್ಷ 36 ಸಾವಿರ ಮಂದಿ ಈ ಯೋಜನೆಗೆ ಸೇರಿದರು. ಅವರಲ್ಲಿ ಹೆಚ್ಚಿನವರು ಮಧ್ಯಮ ವರ್ಗದವರು. ಯಾರ ಹೆಸರಿನಲ್ಲಿ ಇಷ್ಟೆಲ್ಲಾ ಪ್ರಚಾರ ನಡೆಯಿತೋ ಆ ಕೂಲಿಕಾರರ ಪಾಲು ತೀರಾ ಸಣ್ಣದು. ವಾರಕ್ಕೆ ಐದು ಮಾರ್ಕ್ ಎತ್ತಿಡುವುದು ಅವರಿಂದ ಆಗುವ ಮಾತಾಗಿರಲಿಲ್ಲ. ಮರುವರ್ಷ ಯುದ್ಧ ಬಂತು. ಚೀಟಿ ಅಂಟಿಸಿದ ಅಷ್ಟೂ ಜನರಲ್ಲಿ ಒಬ್ಬರಿಗೂ ಆ ಯೋಜನೆಯ ಕಾರು ಸಿಗಲಿಲ್ಲ.

ಆ ಕಾರನ್ನೇ ಮುಂದೆ ಜಗತ್ತು ಫೋಕ್ಸ್‌ವ್ಯಾಗನ್ ಎಂದು ಕರೆಯಿತು. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಜನರ ಗಾಡಿ. ಉರ್ದುವಿನಲ್ಲಿ ‘ಸಾಖ್’ ಎಂಬ ಒಂದು ಪದವಿದೆ. ಬಜಾರಿನಲ್ಲಿ ಒಬ್ಬನ ಮಾತಿಗೆ ಇರುವ ಬೆಲೆ ಅದು. ಅಂಗಡಿಯಲ್ಲಿ ಎಷ್ಟು ಮಾಲಿದೆ ಎಂಬುದಕ್ಕಿಂತ ದೊಡ್ಡದು. ಜರ್ಮನ್ ಕಾರುಗಳ ಸಾಖ್ ಬಗ್ಗೆ ನಮ್ಮಲ್ಲಿ ಅನುಮಾನವೇ ಇಲ್ಲ. ಗಲ್ಫಿನಿಂದ ಬಂದವರಾಗಲಿ, ಇಲ್ಲೇ ದುಡಿದು ಕಾರು ಕೊಂಡವರಾಗಲಿ, ಬಾಗಿಲು ಹಾಕಿದಾಗ ಬರುವ ಸದ್ದಿನಿಂದಲೇ ಅದರ ಗಟ್ಟಿತನವನ್ನು ಅಳೆಯುತ್ತಾರೆ. ಆದರೆ ಯಂತ್ರದ ಪ್ರಾಮಾಣಿಕತೆ ಬೇರೆ, ಯಂತ್ರ ಮಾಡಿದವರ ಪ್ರಾಮಾಣಿಕತೆ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿಯುವ ನಮ್ಮ ಅಭ್ಯಾಸವನ್ನು ಈ ಕಂಪನಿ ಚೆನ್ನಾಗಿಯೇ ಬಳಸಿಕೊಂಡಿತು.

ಕಾರ್ಖಾನೆ ಕಟ್ಟಲು ಹಣ ಎಲ್ಲಿಂದ ಬಂತು ಎಂಬುದರಿಂದಲೇ ಈ ಕತೆಯನ್ನು ಶುರು ಮಾಡಬೇಕು. 1933ರ ಮೇ 1ನ್ನು ಹಿಟ್ಲರ್ ಕಾರ್ಮಿಕರ ಹಬ್ಬವೆಂದು ಸಂಬಳಸಹಿತ ರಜೆ ಕೊಟ್ಟು ಆಚರಿಸಿದ. ಮರುದಿನ ಬೆಳಿಗ್ಗೆ ಅವನ ಪಡೆಗಳು ದೇಶದ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ, ಮುಖಂಡರನ್ನು ಬಂಧಿಸಿ, ಕಾರ್ಮಿಕರು ಪೈಸೆ ಪೈಸೆ ಕೂಡಿಸಿದ್ದ ಆಸ್ತಿಯನ್ನು ವಶಪಡಿಸಿಕೊಂಡವು. ಆ ಆಸ್ತಿ ರಾಬರ್ಟ್ ಲೇ ಎಂಬವನ ನೇತೃತ್ವದ ‘ಜರ್ಮನ್ ಶ್ರಮಿಕ ರಂಗ’ಕ್ಕೆ ಹೋಯಿತು. 1937ರ ಮೇ 28ರಂದು ಆ ಶ್ರಮಿಕ ರಂಗವೇ ಫೋಕ್ಸ್‌ವ್ಯಾಗನ್ ಕಂಪನಿಯನ್ನು ಸ್ಥಾಪಿಸಿತು. ಮರುವರ್ಷದ ಮೇ 26ರಂದು ಫಾಲರ್ಸ್‌ಲೆಬೆನ್ ಎಂಬ ಊರಿನ ಬಳಿ ಹಿಟ್ಲರ್ ಕಾರ್ಖಾನೆಯ ಅಡಿಗಲ್ಲು ಹಾಕಿದ. ಕಾರ್ಮಿಕರಿಂದ ಕಿತ್ತುಕೊಂಡ ಹಣದಿಂದ ಕಾರ್ಮಿಕರಿಗಾಗಿ ಕಾರು. ಇಂಥ ವ್ಯಂಗ್ಯವನ್ನು ಕತೆಯಲ್ಲಿ ಬರೆದರೆ ಸಂಪಾದಕರು ನಂಬಲಿಕ್ಕಿಲ್ಲ.

ಕಾರಿನ ವಿನ್ಯಾಸ ಫರ್ಡಿನಾಂಡ್ ಪೋರ್ಷೆಯದು ಎಂದು ಓದಿದ್ದೇವೆ. ಅದು ಸುಳ್ಳಲ್ಲ, 1934ರಲ್ಲಿ ಆ ಗುತ್ತಿಗೆ ಸಿಕ್ಕಿದ್ದು ಅವನಿಗೇ. ಆದರೆ ಅದಕ್ಕೂ ಮುಂಚೆ ಯೋಸೆಫ್ ಗಾಂಜ್ ಎಂಬ ಯೆಹೂದಿ ಎಂಜಿನಿಯರ್ ಒಂದು ಮೋಟಾರು ಪತ್ರಿಕೆಯ ಸಂಪಾದಕನಾಗಿ, ಬಡವರಿಗೂ ಎಟಕುವ ಹಗುರ ಕಾರು ಬೇಕು ಎಂದು ವರ್ಷಗಟ್ಟಲೆ ಬರೆದಿದ್ದ. 1931ರಲ್ಲಿ ತಾನು ಮಾಡಿದ ಮಾದರಿಗೆ ಜೀರುಂಡೆಯೊಂದರ ಹೆಸರನ್ನೇ ಇಟ್ಟಿದ್ದ. ಅವನ ಕಲ್ಪನೆಯಂತೆ ತಯಾರಾದ ಪುಟ್ಟ ಕಾರು 1933ರ ಫೆಬ್ರವರಿಯಲ್ಲಿ ಬರ್ಲಿನ್ ಮೋಟಾರು ಪ್ರದರ್ಶನದಲ್ಲಿತ್ತು. ಅದೇ ಮೇ ತಿಂಗಳಲ್ಲಿ ಗೆಸ್ಟಾಪೊ ಅವನನ್ನು ಬಂಧಿಸಿತು. ಬಿಡುಗಡೆಯಾದ ಮೇಲೆ ಅವನು ದೇಶ ಬಿಟ್ಟ, 1967ರಲ್ಲಿ ಆಸ್ಟ್ರೇಲಿಯಾದಲ್ಲಿ ಸತ್ತ. ಪೋರ್ಷೆ ಅವನಿಂದ ಎಷ್ಟು ಪಡೆದ ಎಂಬ ವಾದ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ಹಿಂಬದಿಯಲ್ಲಿ ಎಂಜಿನ್, ಬೆನ್ನೆಲುಬಿನಂಥ ಚೌಕಟ್ಟು ಇವೆಲ್ಲ ಆಗ ಯೂರೋಪಿನ ಹಲವರ ತಲೆಯಲ್ಲಿದ್ದ ವಿಚಾರಗಳು. ಆದರೆ ಯಾರ ಹೆಸರು ಉಳಿಯಬೇಕು, ಯಾರದು ಅಳಿಯಬೇಕು ಎಂದು ನಿರ್ಧರಿಸಿದ್ದು ಎಂಜಿನಿಯರಿಂಗ್ ಅಲ್ಲ.

ಯುದ್ಧ ಶುರುವಾದ ಮೇಲೆ ಕಾರ್ಖಾನೆಯಲ್ಲಿ ಸೈನ್ಯದ ಜೀಪುಗಳು, ವಿಮಾನದ ಭಾಗಗಳು, ಲಂಡನ್ನಿನ ಮೇಲೆ ಬಿದ್ದ ವಿ-1 ಹಾರುವ ಬಾಂಬುಗಳು ತಯಾರಾದವು. ಜರ್ಮನ್ ಗಂಡಸರು ರಣರಂಗದಲ್ಲಿದ್ದರು. ಹಾಗಾದರೆ ದುಡಿದವರು ಯಾರು? 1940ರಲ್ಲಿ ಪೋಲೆಂಡಿನ ಹೆಂಗಸರನ್ನು ತಂದರು. ಆಮೇಲೆ ಸೋವಿಯತ್ ಯುದ್ಧಕೈದಿಗಳು, ಫ್ರೆಂಚರು, ಇಟಾಲಿಯನ್ನರು, ಯಾತನಾ ಶಿಬಿರಗಳಿಂದ ಆರಿಸಿ ತಂದ ಯೆಹೂದಿಗಳು. ಒಟ್ಟು ಸುಮಾರು 20,000 ಮಂದಿ ಅಲ್ಲಿ ಜೀತದ ದುಡಿಮೆ ಮಾಡಿದರು. ಅವರಲ್ಲಿ ಸುಮಾರು 5,000 ಮಂದಿ ಯಾತನಾ ಶಿಬಿರದ ಕೈದಿಗಳು. ಯುದ್ಧದ ಕೊನೆಯ ವರ್ಷಗಳಲ್ಲಿ ಕಾರ್ಖಾನೆಯ ಕೆಲಸಗಾರರಲ್ಲಿ ಮೂರರಲ್ಲಿ ಎರಡು ಪಾಲು ಇವರೇ. ಕಾರ್ಖಾನೆಯ ಆಡಳಿತ ಪೋರ್ಷೆ ಮತ್ತು ಅವನ ಅಳಿಯ ಆಂಟನ್ ಪೀಯೆಕ್ ಕೈಯಲ್ಲಿತ್ತು.

ಈ ಇತಿಹಾಸದಲ್ಲಿ ರ್ಯೂಹೆನ್ ಎಂಬ ಹಳ್ಳಿಯ ಹೆಸರು ಬರುತ್ತದೆ. ಜೀತಕ್ಕೆ ತಂದ ಪೋಲಿಷ್ ಮತ್ತು ಸೋವಿಯತ್ ಹೆಂಗಸರಿಗೆ ಮಕ್ಕಳಾದಾಗ ಏನು ಮಾಡುವುದು ಎಂಬ ಪ್ರಶ್ನೆ ಬಂತು. ಹೆತ್ತ ಕೆಲವೇ ದಿನಗಳಲ್ಲಿ ತಾಯಂದಿರನ್ನು ಮತ್ತೆ ಕೆಲಸಕ್ಕೆ ಅಟ್ಟಿ, ಕೂಸುಗಳನ್ನು ಕಾರ್ಖಾನೆಯೇ ನಡೆಸುತ್ತಿದ್ದ ಒಂದು ‘ಶಿಶುಗೃಹ’ದಲ್ಲಿ ಇಟ್ಟರು. 1944ರಲ್ಲಿ ಅದನ್ನು ರ್ಯೂಹೆನ್‌ಗೆ ಸ್ಥಳಾಂತರಿಸಲಾಯಿತು. ಕೊಳಕು, ಸೋಂಕು, ಹಸಿವು. ಅಲ್ಲಿ 300ಕ್ಕೂ ಹೆಚ್ಚು ಹಸುಗೂಸುಗಳು ಸತ್ತವು. ಯಾರೂ ಅವುಗಳಿಗೆ ಗುಂಡು ಹೊಡೆಯಲಿಲ್ಲ, ವಿಷ ಕೊಡಲಿಲ್ಲ. ಸುಮ್ಮನೆ ನೋಡಿಕೊಳ್ಳಲಿಲ್ಲ, ಅಷ್ಟೆ. ಯುದ್ಧದ ಬಳಿಕ ಬ್ರಿಟಿಷ್ ಸೈನಿಕ ನ್ಯಾಯಾಲಯ ಕಾರ್ಖಾನೆಯ ವೈದ್ಯ ಹಾನ್ಸ್ ಕ್ಯೋರ್ಬೆಲ್‌ಗೆ ಮರಣದಂಡನೆ ವಿಧಿಸಿತು. 1947ರಲ್ಲಿ ಅದು ಜಾರಿಯಾಯಿತು. ಅವನ ಮೇಲಿನವರು? ಪೋರ್ಷೆಯನ್ನು ಫ್ರೆಂಚರು ಒಂದಷ್ಟು ಕಾಲ ಸೆರೆಯಲ್ಲಿಟ್ಟು ಬಿಟ್ಟರು. 1948ರ ನಂತರ ಮಾರಾಟವಾದ ಪ್ರತಿ ಕಾರಿಗೂ ಅವನ ಸಂಸ್ಥೆಗೆ ರಾಯಧನ ಬರತೊಡಗಿತು.

ಈಗ ಬ್ರಿಟಿಷರ ವಿಷಯಕ್ಕೆ ಬರೋಣ. 1945ರಲ್ಲಿ ಬಾಂಬು ಬಿದ್ದು ಅರ್ಧ ಹಾಳಾಗಿದ್ದ ಕಾರ್ಖಾನೆ ಅವರ ವಶಕ್ಕೆ ಬಂತು. ಊರಿಗೆ ಪಕ್ಕದ ಕೋಟೆಯ ಹೆಸರು ಹಿಡಿದು ವೋಲ್ಫ್ಸ್‌ಬುರ್ಗ್ ಎಂದು ಹೊಸ ನಾಮಕರಣವಾಯಿತು. ಹೆಸರು ಬದಲಾದರೆ ಪಾಪವೂ ತೊಳೆದುಹೋಗುತ್ತದೆ ಎಂಬ ನಂಬಿಕೆ ನಮ್ಮ ದೇಶದಲ್ಲಿ ಮಾತ್ರ ಇರುವುದಲ್ಲ. ಐವನ್ ಹರ್ಸ್ಟ್ ಎಂಬ ಮೇಜರ್ ಅಲ್ಲಿ ಉಳಿದಿದ್ದ ಒಂದು ಕಾರಿಗೆ ಸೈನ್ಯದ ಹಸಿರು ಬಣ್ಣ ಬಳಿಸಿ ಮೇಲಧಿಕಾರಿಗಳಿಗೆ ತೋರಿಸಿದ. ವಾಹನಗಳಿಲ್ಲದೆ ಪರದಾಡುತ್ತಿದ್ದ ಸೈನ್ಯ 20,000 ಕಾರುಗಳಿಗೆ ಆದೇಶ ಕೊಟ್ಟಿತು. ಕೆಡವಿಹಾಕಬೇಕಾಗಿದ್ದ ಕಾರ್ಖಾನೆ ಹೀಗೆ ಬದುಕಿಕೊಂಡಿತು. ಬ್ರಿಟನ್ನಿನ ಕಾರು ಉದ್ಯಮಿಗಳು ಬಂದು ನೋಡಿ, ಈ ಕುರೂಪಿ ಕಾರನ್ನು ಯಾರು ಕೊಳ್ಳುತ್ತಾರೆ ಎಂದು ಮೂಗು ಮುರಿದು ಹೋದರು.

ಕೊಂಡವರ ಸಂಖ್ಯೆ ಗೊತ್ತೇ ಇದೆ. 1955ರಲ್ಲಿ ಹತ್ತು ಲಕ್ಷದ ಕಾರು ಹೊರಬಂತು. 1972ರಲ್ಲಿ ಫೋರ್ಡಿನ ಮಾಡೆಲ್ ಟಿ ದಾಖಲೆ ಮುರಿಯಿತು. 2003ರ ಜುಲೈ 30ರಂದು ಮೆಕ್ಸಿಕೊದ ಪುಯೆಬ್ಲಾದಲ್ಲಿ ಕೊನೆಯ ಜೀರುಂಡೆ ತಯಾರಾದಾಗ ಒಟ್ಟು ಲೆಕ್ಕ 2 ಕೋಟಿ 15 ಲಕ್ಷ ದಾಟಿತ್ತು.

ನನಗೆ ಇದಕ್ಕಿಂತ ಕುತೂಹಲದ ವಿಷಯವೆಂದರೆ ಹಿಟ್ಲರನ ಕಾರನ್ನು ಅಮೆರಿಕನ್ನರು ಹೇಗೆ ಪ್ರೀತಿಸಿದರು ಎಂಬುದು. 1959ರಲ್ಲಿ ಅದರ ಜಾಹೀರಾತಿನ ಕೆಲಸ ವಹಿಸಿಕೊಂಡದ್ದು ನ್ಯೂಯಾರ್ಕಿನ ಒಂದು ಸಂಸ್ಥೆ. ಅದರ ಮುಖ್ಯಸ್ಥ ಬಿಲ್ ಬರ್ನ್‌ಬಾಕ್ ಯೆಹೂದಿ. ಉಳಿದವರು ತಮ್ಮ ಕಾರು ದೊಡ್ಡದು ಎಂದು ಕೊಚ್ಚಿಕೊಳ್ಳುತ್ತಿದ್ದಾಗ ಇವರು ನಮ್ಮ ಕಾರು ಸಣ್ಣದು ಎಂದರು; ಒಂದು ಜಾಹೀರಾತಿನಲ್ಲಿ ತಮ್ಮದೇ ಕಾರನ್ನು ಕೆಟ್ಟ ಮಾಲು ಎಂದು ಕರೆದು, ಸಣ್ಣ ದೋಷಕ್ಕೂ ಅದನ್ನು ತಪಾಸಣೆಯಲ್ಲೇ ತಡೆದೆವು ಎಂದು ವಿವರಿಸಿದರು. ಪ್ರಾಮಾಣಿಕತೆಯನ್ನೇ ಮಾರಿದ ಜಾಹೀರಾತು ಅದು. ಹಿಪ್ಪಿಗಳು ಅದರ ಮೇಲೆ ಹೂ ಬಿಡಿಸಿದರು. ಇತ್ತ ಜರ್ಮನಿಯಲ್ಲಿ, ಚೀಟಿ ಅಂಟಿಸಿದ್ದ ಜನರು ಕಾರು ಕೊಡಿ ಎಂದು ಹೂಡಿದ್ದ ಮೊಕದ್ದಮೆ 1949ರಿಂದ ಕೋರ್ಟಿನಿಂದ ಕೋರ್ಟಿಗೆ ಅಲೆಯುತ್ತಿತ್ತು. 1961ರಲ್ಲಿ ರಾಜಿಯಾಯಿತು: ಹೊಸ ಕಾರು ಕೊಂಡರೆ 600 ಮಾರ್ಕ್‌ವರೆಗೆ ರಿಯಾಯಿತಿ, ಬೇಡವೆಂದರೆ 100 ಮಾರ್ಕ್ ನಗದು.

ಜೀತದ ಲೆಕ್ಕಕ್ಕೆ ಇನ್ನೂ ತಡವಾಯಿತು. 1986ರಲ್ಲಿ ಕಂಪನಿ ಹಾನ್ಸ್ ಮೋಮ್ಸೆನ್ ಎಂಬ ಹಿರಿಯ ಇತಿಹಾಸಕಾರರಿಗೆ ಸಂಶೋಧನೆ ವಹಿಸಿತು. ಅವರು ಮಾನ್‌ಫ್ರೆಡ್ ಗ್ರೀಗರ್ ಜೊತೆ ಬರೆದ ಸಾವಿರಕ್ಕೂ ಹೆಚ್ಚು ಪುಟಗಳ ಗ್ರಂಥ ಹೊರಬಂದದ್ದು 1996ರಲ್ಲಿ. ಹಣ ಕೊಟ್ಟವರ ಮುಖ ನೋಡಿ ಅವರು ಏನನ್ನೂ ಮುಚ್ಚಿಡಲಿಲ್ಲ, ಅದನ್ನು ಮೆಚ್ಚಬೇಕು. ಬದುಕುಳಿದವರು ಅಮೆರಿಕದಲ್ಲೂ ಜರ್ಮನಿಯಲ್ಲೂ ದಾವೆಗೆ ಸಿದ್ಧರಾದ ಮೇಲೆ, 1998ರಲ್ಲಿ ಕಂಪನಿ 2 ಕೋಟಿ ಮಾರ್ಕ್‌ಗಳ ನಿಧಿ ತೆರೆಯಿತು. ಅಷ್ಟರಲ್ಲಿ ಯುದ್ಧ ಮುಗಿದು 53 ವರ್ಷ ಕಳೆದಿತ್ತು. ಗ್ರೀಗರ್ ಕಂಪನಿಯಲ್ಲೇ ಇತಿಹಾಸ ವಿಭಾಗ ನೋಡಿಕೊಳ್ಳುತ್ತಿದ್ದರು. ಅದೇ ಸಮೂಹದ ಔಡಿ ಕಂಪನಿಯ ನಾಜಿ ಕಾಲದ ಬಗ್ಗೆ ಬಂದ ಒಂದು ಅಧ್ಯಯನವನ್ನು ಅವರು ಟೀಕಿಸಿದ ನಂತರ, 2016ರಲ್ಲಿ ಆ ಹುದ್ದೆಯಿಂದ ಹೊರಬಂದರು.

ಡೀಸೆಲ್ ಹಗರಣ ಬಯಲಾದದ್ದು ಅದರ ಹಿಂದಿನ ವರ್ಷ. ಅದರಲ್ಲಿ ನಮಗೆ ಸಂಬಂಧಿಸಿದ ಒಂದು ಎಳೆಯಿದೆ. ಅಮೆರಿಕದಲ್ಲಿ ಡೀಸೆಲ್ ಕಾರುಗಳು ಎಷ್ಟು ಶುದ್ಧವಾಗಿವೆ ಎಂದು ತೋರಿಸಿ ಯೂರೋಪಿಗೆ ಪಾಠ ಹೇಳುವ ಸದುದ್ದೇಶದಿಂದಲೇ ಒಂದು ಪರಿಸರ ಸಂಸ್ಥೆ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಪರೀಕ್ಷೆಯ ಕೆಲಸ ವಹಿಸಿತ್ತು. ರಸ್ತೆಗಿಳಿದು ಕೆಲಸ ಮಾಡಿದವರು ಮೂವರು ಯುವ ಸಂಶೋಧಕರು: ಸ್ವಿಟ್ಜರ್‌ಲೆಂಡಿನ ಮಾರ್ಕ್ ಬೆಶ್, ಭಾರತದ ಅರವಿಂದ್ ತಿರುವೆಂಗಡಂ, ಮತ್ತು ನಮ್ಮ ಬೆಂಗಳೂರಿನಿಂದ ಹೋದ ಹೇಮಂತ್ ಕಪ್ಪಣ್ಣ. ಡಿಕ್ಕಿಯಲ್ಲಿ ಜನರೇಟರ್ ಮತ್ತು ಅಳತೆಯ ಉಪಕರಣಗಳನ್ನು ತುಂಬಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಅಲೆದರು. ಪಸಾಟ್ ಕಾರನ್ನು ಸಿಯಾಟಲ್‌ವರೆಗೂ ಓಡಿಸಿದರು. ಪ್ರಯೋಗಶಾಲೆಯಲ್ಲಿ ಸಭ್ಯವಾಗಿದ್ದ ಜೆಟ್ಟಾ ಕಾರು ರಸ್ತೆಯಲ್ಲಿ ಮಿತಿಗಿಂತ 15ರಿಂದ 35 ಪಟ್ಟು ಹೆಚ್ಚು ನೈಟ್ರೋಜನ್ ಆಕ್ಸೈಡ್ ಉಗುಳುತ್ತಿತ್ತು. ಮೊದಲಿಗೆ ತಮ್ಮ ಉಪಕರಣವೇ ಕೆಟ್ಟಿರಬೇಕು ಎಂದುಕೊಂಡರಂತೆ. ಜರ್ಮನ್ ಕಾರಿನ ಸಾಖ್ ಅಂಥದ್ದು.

ಗುಟ್ಟು ಇಷ್ಟೇ. ಪರೀಕ್ಷೆಯ ಉರುಳೆಗಳ ಮೇಲೆ ನಿಲ್ಲಿಸಿದ ಕಾರಿನ ಚಕ್ರ ತಿರುಗುತ್ತದೆ, ಸ್ಟೀರಿಂಗ್ ಮಾತ್ರ ಅಲುಗುವುದಿಲ್ಲ. ಇಂಥ ಲಕ್ಷಣಗಳಿಂದ ಕಾರಿನೊಳಗಿನ ಸಾಫ್ಟ್‌ವೇರ್ ‘ಇದು ಪರೀಕ್ಷೆ’ ಎಂದು ಗುರುತಿಸಿ ಹೊಗೆ ಶುದ್ಧಿ ಮಾಡುವ ವ್ಯವಸ್ಥೆಯನ್ನು ಪೂರ್ತಿ ಚಾಲೂ ಮಾಡುತ್ತಿತ್ತು. ರಸ್ತೆಗೆ ಇಳಿದೊಡನೆ ಸಡಿಲ ಬಿಡುತ್ತಿತ್ತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಇಲಾಖೆ ಇದನ್ನು ಬಹಿರಂಗಪಡಿಸಿದ ಮೇಲೆ, ಜಗತ್ತಿನಾದ್ಯಂತ 1 ಕೋಟಿ 10 ಲಕ್ಷ ವಾಹನಗಳಲ್ಲಿ ಈ ತಂತ್ರಾಂಶ ಇದೆ ಎಂದು ಕಂಪನಿ ಒಪ್ಪಿಕೊಂಡಿತು. ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ಐದೇ ದಿನದಲ್ಲಿ ರಾಜೀನಾಮೆ ಕೊಟ್ಟರು. ದಂಡ, ಪರಿಹಾರ ಎಲ್ಲ ಸೇರಿ ಕಂಪನಿಗೆ 3,000 ಕೋಟಿ ಯೂರೋಗಳಿಗೂ ಹೆಚ್ಚು ಖರ್ಚಾಗಿದೆ. ಎಂಜಿನ್ ನಿಯಂತ್ರಣದ ಉಪಕರಣ ಒದಗಿಸಿದ ಜರ್ಮನಿಯ ಬಾಷ್ ಕಂಪನಿಗೂ 2019ರಲ್ಲಿ 9 ಕೋಟಿ ಯೂರೋ ದಂಡ ಬಿತ್ತು. ಬೆಂಗಳೂರಿನವರು ಮೈಕೋ ಎಂದು ಬಲ್ಲ ಕಾರ್ಖಾನೆಯ ಮಾತೃಸಂಸ್ಥೆ ಅದೇ. ಭಾರತದಲ್ಲಿ ಸುಮಾರು 3 ಲಕ್ಷ 23 ಸಾವಿರ ಕಾರುಗಳನ್ನು ವಾಪಸು ಕರೆಸಬೇಕಾಯಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಧಿಸಿದ 500 ಕೋಟಿ ರೂಪಾಯಿ ದಂಡದ ವಸೂಲಿಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

2018ರ ಜನವರಿಯಲ್ಲಿ ಇನ್ನೊಂದು ಸುದ್ದಿ ಬಂತು. ಡೀಸೆಲ್ ಹೊಗೆ ಅಪಾಯಕರವಲ್ಲ ಎಂದು ಸಾಬೀತುಪಡಿಸಲು ಜರ್ಮನ್ ಕಾರು ಕಂಪನಿಗಳ ಹಣದಿಂದ ನಡೆಯುತ್ತಿದ್ದ ಒಂದು ಸಂಸ್ಥೆ, 2014ರಲ್ಲಿ ಅಮೆರಿಕದ ಆಲ್ಬುಕರ್ಕ್‌ನ ಪ್ರಯೋಗಶಾಲೆಯಲ್ಲಿ ಹತ್ತು ಮಂಗಗಳನ್ನು ಪೆಟ್ಟಿಗೆಯೊಳಗೆ ಕೂರಿಸಿ ಕಾರಿನ ಹೊಗೆ ಕುಡಿಸಿತ್ತು. ಮಂಗಗಳಿಗೆ ಬೇಸರವಾಗದಿರಲಿ ಎಂದು ಕಾರ್ಟೂನ್ ಚಿತ್ರ ಹಾಕಿದ್ದರು. ಬಳಸಿದ ಕಾರು ಹೊಸ ಮಾದರಿಯ ಜೀರುಂಡೆ. ಅದರಲ್ಲೂ ಮೋಸದ ಸಾಫ್ಟ್‌ವೇರ್ ಇತ್ತು. ಜರ್ಮನರು, ಮುಚ್ಚಿದ ಕೋಣೆ, ಹೊಗೆ. ಇಡೀ ಕಂಪನಿಯಲ್ಲಿ ಒಬ್ಬರಿಗಾದರೂ ಮೈ ಜುಮ್ಮೆನ್ನಬೇಕಿತ್ತಲ್ಲವೇ?

ಬ್ರೆಜಿಲಿನಲ್ಲಿ 1964ರಿಂದ 85ರವರೆಗೆ ಸೈನಿಕ ಆಡಳಿತವಿದ್ದಾಗ, ಅಲ್ಲಿನ ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಕಾವಲು ವಿಭಾಗ ಕಾರ್ಮಿಕರ ಮೇಲೆ ಕಣ್ಣಿಟ್ಟು ಪೊಲೀಸರಿಗೆ ಸುದ್ದಿ ಕೊಡುತ್ತಿತ್ತು. ಇದಕ್ಕಾಗಿ 2020ರಲ್ಲಿ ಕಂಪನಿ 3 ಕೋಟಿ 60 ಲಕ್ಷ ರೆಯಾಲ್ ಕೊಡಲು ಒಪ್ಪಿತು. ಅಮೆಜಾನ್ ಕಾಡಿನಲ್ಲಿ ಅದು ನಡೆಸುತ್ತಿದ್ದ ದನಗಳ ಫಾರ್ಮಿನಲ್ಲಿ ಕೂಲಿಗಳನ್ನು ಜೀತದ ಸ್ಥಿತಿಯಲ್ಲಿ ಇಟ್ಟಿದ್ದಕ್ಕಾಗಿ 2025ರ ಆಗಸ್ಟ್‌ನಲ್ಲಿ ಅಲ್ಲಿನ ಕಾರ್ಮಿಕ ನ್ಯಾಯಾಲಯ 16 ಕೋಟಿ 50 ಲಕ್ಷ ರೆಯಾಲ್ ಕಟ್ಟುವಂತೆ ತೀರ್ಪು ಕೊಟ್ಟಿತು. ಕಂಪನಿ ಮೇಲ್ಮನವಿಯ ಮಾತಾಡಿತು.

ಕೊನೆಗೆ ಉರುಮ್ಚಿ. ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದ ಈ ನಗರದಲ್ಲಿ 2013ರಲ್ಲಿ ಚೀನೀ ಕಂಪನಿಯೊಂದರ ಜೊತೆ ಸೇರಿ ಫೋಕ್ಸ್‌ವ್ಯಾಗನ್ ಕಾರ್ಖಾನೆ ತೆರೆಯಿತು. ಅದೇ ಪ್ರಾಂತ್ಯದಲ್ಲಿ ಉಯಿಘರ್ ಮುಸ್ಲಿಮರನ್ನು ಲಕ್ಷಗಟ್ಟಲೆ ಶಿಬಿರಗಳಿಗೆ ತಳ್ಳಿದ ಸುದ್ದಿ ಜಗತ್ತಿಗೆಲ್ಲ ತಿಳಿದ ಮೇಲೆ, 2019ರ ಏಪ್ರಿಲ್‌ನಲ್ಲಿ ಬಿಬಿಸಿ ಆಗಿನ ಮುಖ್ಯಸ್ಥ ಹರ್ಬರ್ಟ್ ಡೀಸ್ ಅವರನ್ನು ಆ ಬಗ್ಗೆ ಕೇಳಿತು. ತನಗೆ ಅದು ತಿಳಿದಿಲ್ಲ ಎಂದರು. ಶಿಬಿರ ಎಂಬ ಪದದ ಅರ್ಥವನ್ನು ಜಗತ್ತಿನ ಯಾವ ಕಂಪನಿಗೆ ಬೇಕಾದರೂ ವಿವರಿಸಬೇಕಾಗಬಹುದು, ಇದಕ್ಕಲ್ಲ. 2023ರಲ್ಲಿ ಕಂಪನಿಯೇ ಮಾಡಿಸಿದ ತಪಾಸಣೆಯಲ್ಲಿ ಕಾರ್ಖಾನೆಯೊಳಗೆ ಬಲವಂತದ ದುಡಿಮೆಯ ಗುರುತು ಕಾಣಲಿಲ್ಲ ಎಂದು ವರದಿ ಬಂತು. ಭಯದ ನೆರಳಿನಲ್ಲಿರುವ ಕೆಲಸಗಾರ ತಪಾಸಣೆಗೆ ಬಂದವರ ಮುಂದೆ ಏನು ಹೇಳಿಯಾನು ಎಂದು ಹಲವರು ಕೇಳಿದರು. ಮರುವರ್ಷ ತುರ್ಫಾನಿನಲ್ಲಿದ್ದ ಪರೀಕ್ಷಾ ಪಥದ ನಿರ್ಮಾಣದ ಬಗ್ಗೆ ಅಂಥದೇ ಆರೋಪ ಬಂತು.

ಕಂಪನಿಯ ಅರ್ಧಕ್ಕಿಂತ ಹೆಚ್ಚು ಮತಾಧಿಕಾರ ಇವತ್ತಿಗೂ ಪೋರ್ಷೆ ಮತ್ತು ಪೀಯೆಕ್ ಕುಟುಂಬಗಳ ಕೈಯಲ್ಲಿದೆ. ಶೇ. 20 ಲೋವರ್ ಸ್ಯಾಕ್ಸನಿ ರಾಜ್ಯ ಸರಕಾರದ್ದು. ಶೇ. 17ರಷ್ಟು ಕತಾರ್ ದೇಶದ ಹೂಡಿಕೆ ಸಂಸ್ಥೆಯದ್ದು, ಮೇಲ್ವಿಚಾರಣಾ ಮಂಡಳಿಯಲ್ಲಿ ಅದಕ್ಕೆ ಸ್ಥಾನವೂ ಇದೆ. ಉರುಮ್ಚಿಯ ವಿಷಯದಲ್ಲಿ ಜರ್ಮನ್ ಪತ್ರಕರ್ತರು, ಮಾನವ ಹಕ್ಕಿನವರು, ಜರ್ಮನಿಯ ಷೇರುದಾರರು ಗದ್ದಲ ಎಬ್ಬಿಸಿದ್ದನ್ನು ಓದಿದ್ದೇನೆ. ದೋಹಾದಿಂದ ಒಂದು ಮಾತು ಬಂದದ್ದನ್ನು ನಾನು ಓದಿಲ್ಲ.

2024ರ ನವೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಉರುಮ್ಚಿಯ ಕಾರ್ಖಾನೆಯನ್ನು ಮಾರಿತು. ಕೊಟ್ಟ ಕಾರಣ ಆರ್ಥಿಕ.